ಭೀಮಸೇನ ದೇಸಾಯರು ಚುನಾವಣೆಗೆ ನಿಂತ ವರ್ಷ

ಮಗಳು ಮಹತಿಯನ್ನು ಆಸ್ಟಿನ್ನಿನ ಹಾಸ್ಟೆಲಿಗೆ ಸೇರಿಸಿ ತಮ್ಮ ಊರಾದ ಕ್ಲಿಯರ್ ಲೇಕಿಗೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ ಭೀಮಸೇನ ದೇಸಾಯರಿಗೆ ತಾವು ಚುನಾವಣೆಗೆ ನಿಂತ ೨೦೦೪ನೇ ಇಸವಿ ನೆನಪಾಯಿತು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು, ಹಿಂದಿನ ಸೀಟು ಖಾಲಿಯಾಗಿತ್ತು.

ಆ ವರ್ಷ ಅವರ ಭಾಗದ ಸಂಸತ್ ಸದಸ್ಯ ನಿವೃತ್ತನಾಗಿದ್ದ. ಪಕ್ಷದ ಟಿಕೆಟ್ಟಿಗಾಗಿ ಮೊದಲು ನಡೆಯುವ ಪ್ರೈಮರಿ ಚುನಾವಣೆಯಲ್ಲಿ ಹನ್ನೊಂದು ಮಂದಿ ನಿಂತರು. ವಕೀಲರೇ ಹೆಚ್ಚು, ಒಬ್ಬ ಮಾಜಿ ಜಡ್ಜು, ಕಾರು ಮಾರುವವನೊಬ್ಬ. ಅವರ ನಡುವೆ ರಾಕೆಟ್ ಇಂಜಿನಿಯರಾದ ಧಾರವಾಡದ ದೇಸಾಯರು. ಜೋರು ಮಳೆ ಬಂದಾಗಲೆಲ್ಲ ಓಣಿಯ ಹಿಂದಿನ ಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗುತ್ತಿತ್ತು. ಯಾರಿಗೆ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ತಾವೇ ನಿಂತುಬಿಟ್ಟರು.

"ನಿಮಗ್ಯಾಕ್ರಿ ಬೇಕಿತ್ತು ಈ ಉಸಾಬರಿ?" ಅಂದಿದ್ದಳು ಹೆಂಡತಿ ಜಯದೇವಿ. ಹಾಗಂದವಳೇ ಮರುದಿನ ಅವರ ಸೂಟು ಇಸ್ತ್ರಿ ಮಾಡಿಟ್ಟಿದ್ದಳು.

ಮನೆಮನೆ ತಿರುಗಲು ಜೊತೆಗೆ ಹೊರಟವಳು ಮಹತಿ. ಆಗಿನ್ನೂ ಹೈಸ್ಕೂಲಿಗೆ ಕಾಲಿಟ್ಟಿದ್ದ ಹುಡುಗಿ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಅಪ್ಪನ ಮಾತು ಯಾರಿಗಾದರೂ ತಿಳಿಯದಿದ್ದರೆ ತಾನು ಮುಂದೆ ಬಂದು ಕಾಲುವೆಯ ಕತೆ ಹೇಳುತ್ತಿದ್ದಳು. ಹೊಟ್ಟೆ ಹಸಿದರೆ ಇಬ್ಬರೂ ಯಾವುದಾದರೂ ಮರದ ನೆರಳಲ್ಲಿ ಕೂತು ಜಯದೇವಿ ಕಟ್ಟಿಕೊಟ್ಟ ಚಪಾತಿ ತಿನ್ನುತ್ತಿದ್ದರು. ಅಪ್ಪ ಮಗಳು ಅಷ್ಟು ಮಾತಾಡಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಒಂದು ದಿನ ಒಬ್ಬ ಮುದುಕ ಬಾಗಿಲು ಅರ್ಧ ತೆರೆದು, ಪೂರ್ತಿ ಕೇಳಿಸಿಕೊಳ್ಳದೆ, "ನಿಮ್ಮ ದೇಶಕ್ಕೆ ಹೋಗಿ ನಿಲ್ಲು" ಎಂದು ಮುಖದ ಮೇಲೆ ಬಾಗಿಲು ಹಾಕಿಕೊಂಡ. ಮಗಳ ಎದುರು ಹೀಗಾಯಿತಲ್ಲ ಎಂದು ದೇಸಾಯರಿಗೆ ನಾಚಿಕೆ. ಮಹತಿ ಅವರ ತೋಳು ಹಿಡಿದು, ಕನ್ನಡದಲ್ಲಿ, ಥೇಟ್ ತನ್ನಮ್ಮನ ಹಾಗೆ ಅಂದಳು:

"ನಡೀ ಅಪ್ಪಾ, ಮುಂದಿನ ಮನೀಗೆ ಹೋಗೂಣ."

ಫಲಿತಾಂಶದ ದಿನ ಗೆಳೆಯರೆಲ್ಲ ಸೇರಿದ್ದರು. ಟಿವಿಯಲ್ಲಿ ಮುಂದಿದ್ದವರ ಹೆಸರಷ್ಟೇ ತೋರಿಸಿದರು. ದೇಸಾಯರ ಹೆಸರು ಬರಲೇ ಇಲ್ಲ. ಗಿರಮಿಟ್ಟು ತಿಂದು ಒಬ್ಬೊಬ್ಬರಾಗಿ ಎದ್ದು ಹೋದರು. ಸಿಕ್ಕ ಮತ ನಾನೂರಕ್ಕೆ ತುಸು ಮೇಲೆ. ಮಹತಿ ಮಾತ್ರ ಕಂಪ್ಯೂಟರಿನ ಮುಂದಿಂದ ಕೂಗಿದಳು: "ಅಪ್ಪಾ, ನಮಗ ಬಾಗಲಾ ತಗದವರೇ ಇಷ್ಟು ಮಂದಿ ಇರಲಿಲ್ಲಲ್ಲ!"

ದೇಸಾಯರು ಆ ಮಾತಿಗೆ ಈಗ ಕಾರು ಓಡಿಸುತ್ತಲೂ ಒಬ್ಬರೇ ನಕ್ಕರು.

"ಯಾಕ್ರಿ ನಗತೀರಿ?" ಪಕ್ಕದಲ್ಲಿದ್ದ ಜಯದೇವಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಎಲೆಕ್ಷನ್ ನೆನಪಾತು."

"ಮತ್ತ ನಿಂದರತೀರೇನು?"

"ನಿಂದರಬಹುದಿತ್ತು. ಜೋಡಿ ತಿರಗಲಿಕ್ಕೆ ಯಾರ ಬರತಾರ ಈಗ? ನೀ ಬರತೀಯೇನು?"

"ಈ ಬಿಸಲಾಗ? ನಾ ಒಲ್ಲೆಪಾ," ಅಂದಳು ಜಯದೇವಿ. ಸ್ವಲ್ಪ ದೂರ ಹೋದ ಮೇಲೆ, "ಆದರೂ ಆ ಕಾಲವಿ ಇನ್ನೂ ಹಂಗ ಅದ ನೋಡ್ರಿ" ಎಂದಳು.