ತೋಳಿನ ತುದಿಗೆ ಒಂದೇ ಅಂಡಿಗೆ

ಯಮನಪ್ಪ ಹೆಣ ಹೊರುವ ವಿಮಾನದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದಾಗ ಗುರುಬಸವ್ವ ಬಂದು ಎದುರಿಗೆ ಕುಳಿತಳು. ಒಳಗೆ ಅವಳ ಗಂಡ ನಿಜಗುಣಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ಒಂಬತ್ತು ವರ್ಷ ಕ್ರೇನು ನಡೆಸಿದವನ ಮೇಲೆ ನಿನ್ನೆ ಅದೇ ಕ್ರೇನಿನ ತೋಳು ಮುರಿದು ಬಿದ್ದಿತ್ತು.

“ಯಮನಪ್ಪಾ, ಅವರೇ ತಪ್ಪಿ ಭಾರ ಹೆಚ್ಚ ಹಾಕಿದ್ರಂತ ಮಂದಿ ಅನ್ನಾಕ ಹತ್ಯಾರ. ನೀ ಬಾಜೂಕ ಇದ್ದಿ. ಖರೇ ಏನು?”

ಯಮನಪ್ಪ ಬಿಗಿದ ಗಂಟನ್ನೇ ಮತ್ತೆ ಬಿಗಿದ. ಅಷ್ಟರಲ್ಲಿ ಗಿರಣಿಯ ಮ್ಯಾನೇಜರ ದಿಗಂಬರರಾಯರು ಹಾರ ಹಿಡಿದು ಬಂದರು.

“ಭಾಳ ಛಲೋ ಮನುಷ್ಯಾ. ಆದ್ರ ನಿನ್ನೆ ಭಾರದ್ದು ಧ್ಯಾಸ ಇರಲಿಲ್ಲ ಅವಂಗ. ಹೌದಲ್ಲೋ ಯಮನಪ್ಪಾ?”

ಗುರುಬಸವ್ವ ತಲೆ ಎತ್ತಿದಳು.

“ಹೌದ್ರಿ,” ಎಂದ ಯಮನಪ್ಪ.

*

ಯಮನಪ್ಪ ಗಿರಣಿ ಸೇರಿದ ದಿನ ನಿಜಗುಣಪ್ಪ ತುಂಬಿದ ತಂಬಿಗೆಯೊಂದನ್ನು ಕೈಗೆ ಕೊಟ್ಟಿದ್ದ.

“ಎದಿಗೆ ಅವಚಿ ಹಿಡಿ. ಈಗ ಕೈ ಪೂರಾ ಚಾಚು.”

ಸ್ವಲ್ಪ ಹೊತ್ತಿಗೇ ಯಮನಪ್ಪನ ಕೈ ಸೋತು ಕೆಳಗಿಳಿಯಿತು.

“ಅದ ತಂಬಗಿ, ಅದ ನೀರು. ಚಾಚಿದಷ್ಟೂ ಭಾರ. ಕ್ರೇನಿಂದೂ ಹಂಗ. ಕಂಬದ ಹಂತ್ಯಾಕ ಹತ್ತಿ ಕಟ್ಟಿದ ಅಂಡಿಗಿ ಎರಡು ಎತ್ತತೈತಿ, ತೋಳಿನ ತುದಿಗೆ ಒಂದ.”

*

ನಿನ್ನೆ ಲಾರಿ ಚರಂಡಿಯಾಚೆ, ತೋಳಿನ ತುದಿಗಷ್ಟೇ ಎಟುಕುವಂತೆ ನಿಂತಿತ್ತು.

“ಎರಡೂ ಅಂಡಿಗಿ ಒಮ್ಮೆ ಹಾಕ್ರಿ, ಹೊತ್ತಾತು,” ಎಂದರು ರಾಯರು.

“ತುದಿಗೆ ತಡಿಯೂದಿಲ್ರಿ,” ಎಂದ ನಿಜಗುಣಪ್ಪ.

“ಮುಂಜಾನಿ ಎತ್ತಿತಲ್ಲ?”

“ಅದು ಕಂಬದ ಹಂತ್ಯಾಕ್ರಿ.”

“ನಿನಗ ಆಗದಿದ್ರ ನಾಳಿಂದ ಬ್ಯಾರೆಯವರು ಬರ್ತಾರ.” ರಾಯರು ಯಮನಪ್ಪನ ಕಡೆ ತಿರುಗಿದರು. ಯಮನಪ್ಪ ಎರಡನೆಯ ಅಂಡಿಗೆಗೂ ಕೊಕ್ಕೆ ಹಾಕಿದ.

“ಒಂದು ತಗಿಯೋ ತಮ್ಮಾ,” ಎಂದ ನಿಜಗುಣಪ್ಪ, ಮೆಲ್ಲಗೆ.

ರಾಯರು ನೋಡುತ್ತಲೇ ಇದ್ದರು. ಯಮನಪ್ಪ ತೆಗೆಯಲಿಲ್ಲ. ನಿಜಗುಣಪ್ಪ ಹಿಡಿಕೆ ತಿರುಗಿಸಿದ. ಎರಡೂ ಅಂಡಿಗೆ ಮೇಲೆದ್ದವು. ತೋಳಿನ ನಡುವಿನವರೆಗೂ ಸರಿಯಾಗಿಯೇ ಸರಿದವು.

*

ಸಮಾಧಿಯ ಕುಣಿಯೊಳಗೆ ನಿಜಗುಣಪ್ಪನನ್ನು ಕೂರಿಸಿದರು. ಮುರಿದ ಬೆನ್ನು ನಿಲ್ಲಲಿಲ್ಲ, ದೇಹ ಮತ್ತೆ ಮತ್ತೆ ಎಡಕ್ಕೆ ವಾಲಿತು.

“ಯಾರರ ಇಳದು ಹಿಡೀರಿ,” ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಯಮನಪ್ಪ ಇಳಿದ. ಹಿಂದೆ ಕುಳಿತು, ಕಂಕುಳಲ್ಲಿ ಕೈ ತೂರಿಸಿ ಅವನನ್ನು ಎದೆಗೊತ್ತಿ ಹಿಡಿದ. ಮೊದಲು ಬಿಲ್ವಪತ್ರೆ ಬಿದ್ದವು, ಆಮೇಲೆ ಮಣ್ಣು.

“ಯಕ್ಕಾ,” ಎಂದು ಯಮನಪ್ಪ ಮೇಲೆ ನೋಡಿದ. ಗುರುಬಸವ್ವ ಕಾಣಲಿಲ್ಲ. ಬುಟ್ಟಿ ಹಿಡಿದ ಕೈಗಳಷ್ಟೇ ಕಂಡವು.

“ಸಾಕಪಾ, ಇನ್ನ ಮಣ್ಣ ಹಿಡಿತೈತಿ. ಮ್ಯಾಲ ಬಾ,” ಎಂದರು ಅಯ್ಯನವರು.

ಮಣ್ಣು ಯಮನಪ್ಪನ ಮೊಣಕೈಗೆ ಬಂದಿತ್ತು. ಅವನು ಕೈ ಬಿಡಲಿಲ್ಲ.