ಎತ್ತಿಕೊಟ್ಟ ಸಾಲು

"ಮತ್ತೆ ಗುಂಡಿಗೆ ಬಿತ್ತು," ಎಂದ ತಮ್ಮ, ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತ. ಪರದೆಯ ಮೇಲೆ ಇಳಿಯುತ್ತ ಬಂದ ಹಸಿರು ಗೆರೆ ನಡುವೆ ಎಲ್ಲೋ ನಿಂತು ಅಲುಗದಾಯಿತು.

ಅಕ್ಕ ಹಿಡಿದಿದ್ದ ಉಸಿರು ಬಿಟ್ಟಳು. ಗೆರೆ ತಳ ಮುಟ್ಟಿದರೆ ಬೀಗ ಒಡೆದಂತೆ. ಆಸ್ಪತ್ರೆಗಳ ನಡುವೆ ಓಡಾಡುವ ಪತ್ರಗಳನ್ನು ಕಾಯುವ ಗೂಢಲಿಪಿ ಅವಳದು. ಬೀಗವನ್ನು ಯಾರು ಬೇಕಾದರೂ ಹಾಕಬಹುದು, ತೆಗೆಯುವ ಕೀಲಿ ಪತ್ರ ಪಡೆಯುವವರಲ್ಲಿ ಮಾತ್ರ. ಕಾದ ಲೋಹದ ಕಣಗಳು ತಣಿಯುತ್ತ ಹೇಗೆ ನೆಲೆಗೆ ನಿಲ್ಲುತ್ತವೆ ಎಂಬ ಲೆಕ್ಕದಿಂದ ಅದನ್ನು ಕಟ್ಟಿದ್ದಳು. ಕೀಲಿಯಿಲ್ಲದವನು ಎಷ್ಟು ನಿಧಾನವಾಗಿ ತಣಿಸಿದರೂ ಯಾವುದೋ ತಪ್ಪು ತಗ್ಗಿನಲ್ಲಿ ಸಿಕ್ಕಿಬೀಳಬೇಕು. ನಿಜವಾದ ತಳದ ಸಮೀಪದಿಂದಲೇ ಹೊರಟವನು ಮಾತ್ರ ಅಲ್ಲಿಗೆ ಜಾರಬಲ್ಲ. ಪರೀಕ್ಷೆಗೆಂದು ಅದನ್ನು ಒಡೆಯುವ ಕೆಲಸಕ್ಕೆ ತಮ್ಮನನ್ನೇ ಹಾಕಿದ ಸಂಸ್ಥೆಯ ನಿರ್ದೇಶಕರು, "ಅಕ್ಕನ ತಪ್ಪು ಹುಡುಕೋಕೆ ತಮ್ಮನಿಗಿಂತ ಹುಷಾರಾದೋರು ಯಾರಿದಾರೆ?" ಎಂದು ನಕ್ಕಿದ್ದರು.

ಈಗ ಅವರೇ ಬಾಗಿಲಲ್ಲಿ ಇಣುಕಿದರು. "ಏನಪ್ಪಾ ಕಳ್ಳ, ಆಯ್ತಾ? ಆಸ್ಪತ್ರೆಯೋರು ಒಪ್ಪಂದಕ್ಕೆ ಸಹಿ ಹಾಕೋಕೆ ಕೆಳಗೆ ಕಾಯ್ತಿದಾರೆ."

"ಸೋತೆ ಸಾರ್."

"ಬದುಕಿಸಿದ್ರಮ್ಮ," ಎಂದು ಅವರು ಅಕ್ಕನತ್ತ ತಿರುಗಿದರು. "ಇಲ್ದಿದ್ರೆ ನಿಮ್ಮ ವಿಭಾಗದೋರೆಲ್ಲ ಗಂಟುಮೂಟೆ ಕಟ್ಟಬೇಕಿತ್ತು."

ಅವರು ಮೆಟ್ಟಿಲಿಳಿದ ಮೇಲೆ ತಮ್ಮ ಮೈಮುರಿದ. "ಅಪ್ಪ ಪದ್ಯದ ಮೊದಲ ಸಾಲು ಎತ್ತಿಕೊಡ್ತಿದ್ರಲ್ಲ, ಹಂಗೆ ಯಾರಾದ್ರೂ ಒಂಚೂರು ಎತ್ತಿಕೊಟ್ಟಿದ್ರೆ ಸಾಕಿತ್ತು ನೋಡಕ್ಕ. ಉಳಿದದ್ದು ತಾನಾಗೇ ಬಂದ್ಬಿಡ್ತಿತ್ತು."

ಅಕ್ಕ ನಗಲು ಹೋದವಳು ನಗಲಿಲ್ಲ. ಸಂಜೆ ಅಪ್ಪನ ಕಂಠದಿಂದ ಒಂದು ಸಾಲು ಎದ್ದರೆ, ಕಣ್ಣು ಮುಚ್ಚಿ ಕೂತ ಮಕ್ಕಳಿಬ್ಬರ ಬಾಯಲ್ಲಿ ಮುಂದಿನದು ಹರಿದು ಬರುತ್ತಿತ್ತು. ಪರೀಕ್ಷೆಗೆಂದು ತಮ್ಮನಿಗೆ ಅವಳು ಕೊಡುತ್ತ ಬಂದದ್ದು ತಲೆಬುಡವಿಲ್ಲದ ಅಕ್ಷರಗಳನ್ನು. ಆದರೆ ಆಸ್ಪತ್ರೆಯವರು ಹಾಗೆ ಬರೆಯುವವರೇ? ಅವಳು ಅವರ ಮಾದರಿ ಪತ್ರಗಳನ್ನು ತೆರೆದಳು. ಪ್ರತಿಯೊಂದರ ಮೊದಲ ಸಾಲೂ ಅಕ್ಷರ ಬಿಡದೆ ಒಂದೇ. ವಂದನೆ ಮೊಳದುದ್ದ, ಕಾಯಿಲೆ ಗೇಣುದ್ದ. ಆ ಸಾಲು ಗೊತ್ತಿದ್ದವನು ತಳದ ಸಮೀಪದಿಂದಲೇ ಹೊರಟಂತೆ.

ಪಕ್ಕದ ಕೋಣೆಯಲ್ಲಿ ಅವಳ ವಿಭಾಗದವರು ಏನಕ್ಕೋ ಜೋರಾಗಿ ನಗುತ್ತಿದ್ದರು.

ಅವಳು ಒಂದು ಪತ್ರ ಆರಿಸಿ, ಬೀಗ ಹಾಕಿ, ತಮ್ಮನ ಯಂತ್ರಕ್ಕೆ ಕಳಿಸಿದಳು. "ಕೂತ್ಕೋ."

"ಮುಗೀತಲ್ಲಕ್ಕ! ಹೊಟ್ಟೆ ಚುರುಗುಟ್ತಿದೆ."

"ಕೂತ್ಕೋ ಅಂದ್ನಲ್ಲೋ. ಇದನ್ನ ಒಡಿ. ಮೊದಲ ಸಾಲು ನಾನು ಹೇಳ್ತೀನಿ." ಅವಳು ಪತ್ರ ನೋಡಿ ಓದತೊಡಗಿದಳು: "ಮಾನ್ಯ ಮುಖ್ಯ ವೈದ್ಯಾಧಿಕಾರಿಗಳ ಸನ್ನಿಧಾನಕ್ಕೆ ಸವಿನಯ ವಂದನೆಗಳು. ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ..."

ಅವನ ಬೆರಳುಗಳು ಅರ್ಧದಲ್ಲೇ ನಿಂತವು. ಅವಳ ಮುಖ ನೋಡಿದ. "ಅಕ್ಕಾ, ಬೇಡ. ಇದು ನಂಗೆ ಹೊಳೀಲೇ ಇಲ್ಲ ಅಂದ್ಕೊ."

"ನಿಂಗೆ ಹೊಳೀದೇ ಇದ್ದದ್ದು ಇನ್ನೊಬ್ಬನಿಗೆ ಹೊಳಿಯುತ್ತೆ. ಬರಿ."

ಹಸಿರು ಗೆರೆ ಇಳಿಯತೊಡಗಿತು. ಎಂದಿನ ಜಾಗಕ್ಕೆ ಬಂದು ತಡವರಿಸಿತು. ಕೆಳಗೆ ಕುರ್ಚಿ ಎಳೆದ ಸದ್ದು. ಗೆರೆ ಮತ್ತೆ ಜಾರಿತು.

ತಳ ಮುಟ್ಟುವುದನ್ನು ನೋಡಲು ಅವಳು ನಿಲ್ಲಲಿಲ್ಲ; ಸಹಿ ಬೀಳುವ ಮೊದಲು ತಡೆಯಬೇಕಿತ್ತು. ಮೆಟ್ಟಿಲ ತಿರುವಿನಲ್ಲಿ ಪಕ್ಕದ ಕಂಬಿ ಹಿಡಿದಾಗ, ಮೇಲಿನಿಂದ ತಮ್ಮ, ಸಣ್ಣ ದನಿಯಲ್ಲಿ, ತನಗೇ ಅರಿವಿಲ್ಲದೆ ಅಪ್ಪನ ರಾಗದಲ್ಲಿ, ಉಳಿದದ್ದನ್ನು ಓದುವುದು ಕೇಳಿಸಿತು: "...ಕಿಟಕಿ ಬದಿಯ ಮಗುವಿಗೆ ಜ್ವರ ಇಳಿದಿದೆ. ಹಾಲು ಕೇಳುತ್ತಿದೆ."