ಚಂದ್ರಿಕೆ ಹೊತ್ತ ಹಾಯಿದೋಣಿ

ಆವಲಪ್ಪನನ್ನು ಶಿಡ್ಲಘಟ್ಟದ ಕಡೆಯವರೆಲ್ಲ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಬೊಂಬಾಯಿಯಲ್ಲಿ ಹನ್ನೊಂದು ವರ್ಷ ಇದ್ದು ಎರಡು ವರ್ಷದ ಹಿಂದೆ ಊರಿಗೆ ಮರಳಿದವನು, ಕೆರೆಯಲ್ಲಿ ಒಂದು ಹಾಯಿದೋಣಿ ಇಳಿಸಿದ್ದ. ಹದಿನೆಂಟು ಅಡಿ ಉದ್ದ, ನಡುವೆ ಒಂದು ಕಂಬ, ಅದಕ್ಕೆ ಬಿಳಿಯ ಹಾಯಿ. ಭಾನುವಾರ ಬಂತೆಂದರೆ ಪೇಟೆಯ ಗುಮಾಸ್ತರು, ಮೇಷ್ಟ್ರುಗಳು, ಹೊಸದಾಗಿ ಮದುವೆಯಾದವರು ಬಂದು ಬಾಡಿಗೆಗೆ ಹತ್ತುತ್ತಿದ್ದರು. ನಡುಗಡ್ಡೆಯ ತನಕ ಹೋಗಿ ಒಂದು ಸುತ್ತು ಹಾಕಿ ಬರುವುದು, ಅಷ್ಟೆ. "ಸಮುದ್ರದಾಗೆ ಓಡ್ಸಿದೋನಿಗೆ ಕೆರೆ ಯಾವ ಲೆಕ್ಕ?" ಎಂದು ಜನ ಅಂದಾಗ ಆವಲಪ್ಪ ನಕ್ಕು ಸುಮ್ಮನಾಗುತ್ತಿದ್ದ. ಹೌದು ಎಂದವನಲ್ಲ, ಅಲ್ಲ ಎನ್ನುವುದಕ್ಕೂ ಬಾಯಿ ಬರುತ್ತಿರಲಿಲ್ಲ.

ಬೊಂಬಾಯಿಯ ಬಾಡಿಗೆ ಹಾಯಿದೋಣಿಯಲ್ಲಿ ಅವನು ಅಡುಗೆಯವನಾಗಿದ್ದ. ಚುಕ್ಕಾಣಿ ಹಿಡಿಯುತ್ತಿದ್ದ ಕ್ಯಾಪ್ಟನ್ ಬೇರೆಯೇ ಇದ್ದ. ಒಲೆಯ ಮುಂದೆ ಕೂತು, ಬಾಗಿಲ ಸಂದಿಯಿಂದ ನೋಡಿ ನೋಡಿ ಕಲಿತದ್ದೇ ಆವಲಪ್ಪನ ವಿದ್ಯೆ. ಅದಕ್ಕೇ ಗಾಳಿ ಜೋರಾದ ದಿನ ಅವನು ದೋಣಿ ಬಿಚ್ಚುತ್ತಿರಲಿಲ್ಲ. ಯಾರಾದರೂ ಕೇಳಿದರೆ ಹಾಯಿ ಹೊಲಿಗೆ ಬಿಟ್ಟಿದೆ ಎನ್ನುತ್ತಿದ್ದ.

ಐವತ್ತಾರರ ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದು ಕೆರೆ ಕೋಡಿ ಬಿತ್ತು. ನಾಲ್ಕನೆಯ ಬೆಳಗ್ಗೆ ಮಳೆ ನಿಂತರೂ ಮೂಡಗಾಳಿ ನಿಂತಿರಲಿಲ್ಲ. ಆವಲಪ್ಪ ದೋಣಿಯನ್ನು ಇನ್ನೊಂದು ಹಗ್ಗ ಹಾಕಿ ಬಿಗಿಯುತ್ತಿದ್ದಾಗ ಮುನಿವೆಂಕಟಪ್ಪ ಏರಿಯ ಮೇಲೆ ಓಡಿಬಂದ. ಕೆರೆಯ ಹಿಂದಲ ತುದಿಯಲ್ಲಿ ಅವನ ಹಿಪ್ಪುನೇರಳೆ ತೋಟ; ಅಲ್ಲೇ ರೇಷ್ಮೆ ಹುಳು ಸಾಕುವ ಮನೆ.

"ಹುಳುಮನೆ ಹೊಸ್ಲಿಗೆ ನೀರು ಬಂದೈತೆ ಕಣಪ್ಪ! ಹುಳ ನಿನ್ನೆ ತಾನೆ ಹಣ್ಣಾಗಿ ಚಂದ್ರಿಕೆಗೆ ಬಿಟ್ಟಿದೀವಿ. ಗಾಡಿ ಕೆಸರಾಗೆ ಅಚ್ಚಿನ ಮಟ್ಟ ಹೂತ್ಕೊಂಡು ಕೂತೈತೆ. ಸಾಯಂಕಾಲದೊಳಗೆ ಗೋಡೆ ಕುಸಿತೈತೆ. ನೀನು ಬರದಿದ್ರೆ ಎಲ್ಲಾ ಹೋದಂಗೆ."

ಚಂದ್ರಿಕೆಯೆಂದರೆ ಆಳುದ್ದದ ಬಿದಿರು ತಟ್ಟಿ. ಅದರ ಮೇಲೆ ಸುರುಳಿಯಾಗಿ ಹೊಲಿದ ಬಿದಿರುಪಟ್ಟಿಯ ಸಂದಿಯಲ್ಲಿ ಕೂತು, ಮೇವು ಬಿಟ್ಟು ಹಣ್ಣಾದ ಹುಳು ಮೂರು ದಿನ ಗೂಡು ಕಟ್ಟುತ್ತದೆ. ಆಗ ಕುಲುಕಿದರೆ ಎಳೆ ಹರಿಯುತ್ತದೆ, ನೆನೆದರೆ ಗೂಡು ಕೆಡುತ್ತದೆ. ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹಾಯಿಯ ಹೊಲಿಗೆ ಬಿಟ್ಟಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುನಿವೆಂಕಟಪ್ಪನ ಮುಖ ನೋಡಿ ಆವಲಪ್ಪ ಅದನ್ನು ನುಂಗಿಕೊಂಡ.

ಇಬ್ಬರೂ ದಡದ ಮಗ್ಗುಲಲ್ಲೇ ಗಳ ಹಾಕಿಕೊಂಡು ಎದುರುಗಾಳಿಗೆ ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಮುನಿವೆಂಕಟಪ್ಪನ ಹೆಂಡತಿ ಗಂಗುಲಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಯುತ್ತಿದ್ದಳು. ಎಂಟು ಚಂದ್ರಿಕೆಗಳು.

"ಒಂದರ ಮೇಲೊಂದು ಮಲಗ್ಸಕ್ಕ" ಎಂದ ಆವಲಪ್ಪ.

"ಮಲಗ್ಸಾದಾ? ಮೇಲಿನ ಹುಳದ ಉಚ್ಚೆ ಕೆಳಗಿನ ಗೂಡಿಗೆ ಬೀಳ್ಲಿ ಅಂತಾನಾ? ಬೊಂಬಾಯಾಗೆ ಹಂಗೇ ಮಾಡ್ತಾರೇನಪ್ಪ?"

ಅವಳು ಹೇಳಿದಂತೆಯೇ ಎಂಟನ್ನೂ ಓರೆಯಾಗಿ ನಿಲ್ಲಿಸಿ ಹಗ್ಗ ಬಿಗಿದರು. ಮುನಿವೆಂಕಟಪ್ಪ ಎತ್ತುಗಳ ಜೊತೆ ಅಲ್ಲೇ ಉಳಿದ. ಗಂಗುಲಮ್ಮ ಮುಂದೆ, ಚಂದ್ರಿಕೆಗಳ ಹಿಂದೆ ಆವಲಪ್ಪ ಚುಕ್ಕಾಣಿಯಲ್ಲಿ. ಬೆನ್ನಿಗೆ ಗಾಳಿ. ಕ್ಯಾಪ್ಟನ್ ಎನಿಸಿಕೊಂಡವನು ಹಾಯಿ ಬಿಚ್ಚದಿದ್ದರೆ ಹೇಗೆ ಎಂದು ಅವನು ಹಾಯಿಯನ್ನೂ ಏರಿಸಿಬಿಟ್ಟ.

ಕೆರೆಯ ನಡುವಿಗೆ ಬರುವಷ್ಟರಲ್ಲಿ ಗಾಳಿ ಒಮ್ಮೆಲೇ ಬೀಸಿತು. ದೋಣಿ ಎಡಕ್ಕೆ ವಾಲಿ ಅಂಚಿನಿಂದ ನೀರು ಒಳಗೆ ನುಗ್ಗಿತು. ಒಂದು ಚಂದ್ರಿಕೆ ಜಾರಿ ಅದರ ತುದಿ ನೀರಿಗೆ ತಾಗಿತು.

"ಅಯ್ಯೋ ದೇವುಡಾ! ನನ್ ಹುಳ!"

ಬೊಂಬಾಯಿಯ ಕ್ಯಾಪ್ಟನ್ ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದ? ಆವಲಪ್ಪ ನೆನಪನ್ನೆಲ್ಲ ತಡಕಾಡಿದ. ದೋಣಿ ವಾಲಿದಾಗಲೆಲ್ಲ ತಾನು ಪಾತ್ರೆ ಪಡಗ ಉರುಳದಂತೆ ತಬ್ಬಿಕೊಂಡು ಕೂತಿರುತ್ತಿದ್ದ. ನೋಡಿಯೇ ಇರಲಿಲ್ಲ.

"ಅಕ್ಕಾ! ನಾನು ಕ್ಯಾಪ್ಟನ್ ಅಲ್ಲ! ಅಡುಗೆಯೋನು!" ಎಂದು ಕೂಗಿಬಿಟ್ಟ.

"ನೀನು ಏನಾದ್ರೂ ಆಗಿರಪ್ಪ! ಮೊದ್ಲು ಆ ಬಟ್ಟೆ ಇಳ್ಸು! ಅಂಗಳದಾಗೆ ಗಾಳಿ ಬಂದ್ರೆ ಒಂದು ಚಂದ್ರಿಕೆ ಹಿಡ್ಕೊಳಾಕೆ ಇಬ್ರು ಬೇಕು. ಇಲ್ಲಿ ಎಂಟವೆ! ಸಾಲ್ದಾ?"

ಅವನ ಕೈ ತಾನಾಗಿ ಹಗ್ಗ ಬಿಚ್ಚಿತು. ಹಾಯಿ ದಡಾರನೆ ಕೆಳಗೆ ಬಿತ್ತು. ದೋಣಿ ಮೆಲ್ಲಗೆ ನೆಟ್ಟಗಾಯಿತು. ನಿಂತುಬಿಡುತ್ತದೆ ಎಂದುಕೊಂಡಿದ್ದ, ನಿಲ್ಲಲಿಲ್ಲ. ಎಂಟು ಚಂದ್ರಿಕೆಗಳ ಬೆನ್ನಿಗೆ ಗಾಳಿ ಒರಗಿಕೊಂಡು, ತುಂಬಿದ ಕೊಡ ಹೊತ್ತವಳ ಹಾಗೆ, ದೋಣಿ ಕುಲುಕದೆ ನಡೆಯಿತು.

ಆದರೆ ಅವನಿಗೆ ಮುಂದೆ ಬಿದಿರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬಲಗಡೆ ಕೋಡಿಯ ಭೋರ್ಗರೆತ ಹತ್ತಿರವಾಗುತ್ತಿತ್ತು.

"ಅಕ್ಕ, ಏರಿ ಮೆಟ್ಲು ಎಲ್ಲೈತೆ?"

"ಎಡಕ್ಕೆ ತಿರುಗ್ಸು. ಇನ್ನೂ. ಅಷ್ಟೊಂದು ಬೇಡ ಕಣೋ, ಹೊಲ ಉಳ್ತಿದೀಯೇನು? ಹಾಂ, ಹಂಗೇ ಬಿಡು."

ಅವಳು ಹೇಳಿದಂತೆ ಅವನು ತಿರುಗಿಸುತ್ತಾ ಹೋದ. ಭೋರ್ಗರೆತ ಹಿಂದಕ್ಕೆ ಸರಿಯಿತು, ಆಮೇಲೆ ದೂರವಾಯಿತು. ದೋಣಿಯ ಮೂತಿ ಏರಿಯ ಮೆಟ್ಟಿಲಿಗೆ ಮುಟ್ಟಿದಾಗ ಆವಲಪ್ಪ ಮೇಲಕ್ಕೆ ಹಗ್ಗ ಎಸೆದ.

ಏರಿಯ ಮೇಲಿದ್ದವರು ಚಂದ್ರಿಕೆಗಳನ್ನು ಹಸುಗೂಸು ಎತ್ತಿಕೊಂಡಂತೆ ಸ್ಕೂಲಿನ ಜಗಲಿಗೆ ಸಾಗಿಸಿದರು. ಅವನು ದೋಣಿ ಕಟ್ಟಿ ಬರುವಷ್ಟರಲ್ಲಿ ಗಂಗುಲಮ್ಮ ಅಡುಗೆಯವನ ಸಂಗತಿಯನ್ನೂ ಅಲ್ಲಿದ್ದವರಿಗೆಲ್ಲ ಸಾರಿಯಾಗಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಎರಡು ವರ್ಷದ ಭಾರ ಅಷ್ಟು ಸುಲಭವಾಗಿ ಇಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಹುಳುವಿನ ಭಾರ ಮಾತ್ರ ಇಳಿದಿರಲಿಲ್ಲ. ದೋಣಿ ವಾಲಿದಾಗ ಎಷ್ಟು ಎಳೆ ಹರಿಯಿತೋ, ಒಳಗೆ ಎಷ್ಟು ಹುಳು ಸತ್ತವೋ, ಯಾರಿಗೆ ಗೊತ್ತು? ಐದು ದಿನ ಅವನು ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಆರನೆಯ ದಿನ ಗಂಗುಲಮ್ಮನೇ ಕರೆಕಳಿಸಿದಳು.

ಜಗಲಿಯ ತುಂಬ ಗೂಡು ಬಿಡಿಸಿ ಹರಡಿದ್ದರು. ನೀರು ಮುಟ್ಟಿದ ಚಂದ್ರಿಕೆಯದು ಒಂದು ಹಿಡಿಯಷ್ಟು ತೆಳು ಗೂಡು, ಬದಿಗಿಟ್ಟಿದ್ದರು. ಮಿಕ್ಕದ್ದು ಹಳದಿಯ ರಾಶಿ. ಗಂಗುಲಮ್ಮ ಒಂದು ಗೂಡನ್ನು ಬೆರಳಲ್ಲಿ ಅಮುಕಿ, ಅವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕೋಶವಾಗಿದ್ದ ಹುಳು ಲೊಟ್ ಲೊಟ್ ಎಂದಿತು. ಎಳೆಯನ್ನೆಲ್ಲ ಸುತ್ತಿ ಮುಗಿಸಿ, ಬದುಕಿ, ಗೂಡಿನೊಳಗೆ ಬಿಡುಬೀಸಾಗಿತ್ತು.

"ಕೇಳಿಸ್ತಾ?"

ಆವಲಪ್ಪ ಬಗ್ಗಿ ಇನ್ನೊಂದು ಗೂಡು ಎತ್ತಿ ಕಿವಿಗೆ ಹಿಡಿದ. ಲೊಟ್ ಲೊಟ್. ರಾಶಿಯ ಆ ಕಡೆಯಿಂದ ಒಂದು, ತಳದಿಂದ ಒಂದು. ಅವೂ ಹಾಗೇ ಅಂದವು.

"ಎಲ್ಲಾನೂ ಅಲ್ಲಾಡಿಸ್ತೀಯೇನಪ್ಪ? ಮಾರ್ಕೆಟ್ಟಿಗೆ ಹೊತ್ತಾಗ್ತೈತೆ" ಎಂದಳು ಗಂಗುಲಮ್ಮ.

"ಇನ್ನೊಂದೇ ಒಂದು, ಅಕ್ಕ" ಎಂದು ಅವನು ಜಗಲಿಯ ಮೇಲೆ ಕಾಲು ಚಾಚಿ ಕೂತ.